ಮೂರನೆಯ ಹಕ್ಕುದಾರ

ಊರವರ ಆಧಾರ ಬರೆದು ಬರೆದು ಬೆರಳು ಸವೆಸಿಕೊಂಡ ನನಗೆ
ನಮ್ಮದೇ ಹನ್ನೊಂದು ಸೆಂಟ್ಸು ಬರೆಯಲಾಗಲಿಲ್ಲ.
ಕೊಯಿಪಾಡಿ ಕಡಪ್ಪುರದ ಮರಳು, ಆರು ತೆಂಗು, ಉಪ್ಪುನೀರಿನ ಬಾವಿ.
ಮೂಡು: ರೈಲು ಹಳಿ. ಪಡು: ಕಡಲು.

ಮೂರನೇ ಹಕ್ಕುದಾರ ಎಲ್ಲಿ, ರಿಜಿಸ್ಟ್ರಾರರು ಕೇಳಿದರು.
ಹಡಗಿಗೆ ಹೋದವರು ಸರ್, ನನ್ನ ಮಾವ.
ಯಾವಾಗ?
ಎಪ್ಪತ್ತಮೂರರಲ್ಲಿ, ಸುಗ್ಗಿ ತಿಂಗಳು.
ಸಹಿ ತನ್ನಿ. ಇಲ್ಲವೇ ಸಾವಿನ ಪತ್ರ ತನ್ನಿ.

ಅಜ್ಜಿಗೆ ಅದು ಅಷ್ಟು ಸಲೀಸಾಗಿರಲಿಲ್ಲ.
ಆಟಿಯಲ್ಲಿ ಸತ್ತವರಿಗೆ ಸಾಲಾಗಿ ಎಲೆ ಹಾಕಿ ಬಡಿಸುವಾಗ
ಲೋಕಯ್ಯನಿಗೆ ಹಾಕಬಾರದು, ಇದ್ದಾನಲ್ಲ.
ಹಾಕದೆಯೂ ಇರಬಾರದು, ಎಲ್ಲಾದರೂ…
ಒಂದು ಎಲೆ ತೊಳೆದು, ಸುರುಟಿ, ಮಾಡಿನ ಸಂದಿಗೆ ಸಿಕ್ಕಿಸಿಡುತ್ತಿದ್ದರು.
ಮರುವರ್ಷ ಒಣಗಿದ್ದನ್ನು ತೆಗೆದು ಹಸಿಯದ್ದು.
ಕೊನೆಗೆ ತಾನೇ ಸಾಲಿಗೆ ಸೇರುವ ತನಕ.

ರೇಶನ್ ಕಾರ್ಡಿನಲ್ಲಿ ಮಲಯಾಳದ ಲೋಕಯ್ಯನ್,
ಶಾಲೆಯ ರಿಜಿಸ್ಟರಿನಲ್ಲಿ ಕನ್ನಡದ ಲೋಕಯ್ಯ ಪುತ್ರನ್,
ಬೊಂಬಾಯಿ ಶಿಪ್ಪಿಂಗ್ ಆಫೀಸಿನ ದಪ್ಪ ಪುಸ್ತಕದಲ್ಲಿ
ಲುಕಾಯ ಪುತ್ರ, ಎದುರಿಗೆ ನೀಲಿ ಮೊಹರು: ಡೆಸರ್ಟೆಡ್.
ಹಾಗೆಂದರೆ ಏನು ಮಗಾ, ಅಮ್ಮ ಕೇಳಿದರು.
ಇಳಿದುಹೋದರು ಅಂತ, ಎಂದೆ,
ಕುಂಬಳೆಯಲ್ಲಿ ಬಸ್ಸು ಇಳಿದ ಹಾಗೆ.
ಇಷ್ಟು ಸುಳ್ಳು ನಮ್ಮ ಕಸುಬಿಗೆ ಮಾಫಿ.

ಕೋಟಿಕುಳದ ಚಿರುಕಂಡಣ್ಣ, ಒಂದೇ ಹಡಗಿನಲ್ಲಿದ್ದವರು,
ಪೊರೆ ಬಂದ ಕಣ್ಣನ್ನು ನನ್ನ ದನಿಯ ಕಡೆಗೆ ತಿರುಗಿಸಿದರು:
ಸಾಂತೋಸು ಬಂದರು. ಕಾಫಿ ಮೂಟೆ ಏರಿಸುತ್ತಿದ್ದರು.
ಅವ ಏನೂ ಹೇಳಲಿಲ್ಲ.
ಮನೆಯಿಂದ ತಂದ ಉಪ್ಪಿನಕಾಯಿಯ ಭರಣಿ ನನ್ನ ಕೈಗಿಟ್ಟು
ಮುಗಿಸಿಬಿಡು ಎಂದ.
ಆಗಲೇ ಗೊತ್ತಾಯಿತು.
(ಮುಗಿಸಿದಿರಾ?
ಮತ್ತೆ? ಹಾಳು ಮಾಡುವುದೇ?)

ಕಾಗದದ ಮೇಲೆ ಕಾಗದ. ರಾಯಭಾರಿಗೆ, ಬಂದರಿನ ಇಗರ್ಜಿಗೆ,
ಯಾರದೋ ಯೂನಿಯನ್ನಿಗೆ.
ಆರು ವರ್ಷ ಕಳೆದ ಮೇಲೆ ಒಂದು ಲಕೋಟೆ.
ಬರೆದಾಕೆ ಇವೋನೆ ಕೊಯಿಪಾಡಿ.
ಕಯ್ಯಾರಿನ ಪಾದ್ರಿ ಓದಿ ಹೇಳುವ ಮೊದಲೇ
ಮೇಸ, ಜನೇಲ, ಚಾವಿ, ಮೂರು ಶಬ್ದ ನನಗೆ ತಿಳಿದವು;
ಮೇಜು, ಕಿಟಿಕಿ, ಬೀಗದ ಕೈ ಇದ್ದ ಒಂದು ಮನೆ, ಸದ್ಯ.

ಹೆಸರು ಕೇಳಿದಾಗ ಹೆದರಿ ಊರು ಹೇಳಿದರಂತೆ.
ಲೋಕಯ್ಯನನ್ನು ನಾವು ಲೋಕವಿಡೀ ಹುಡುಕಿದೆವು;
ಅಲ್ಲಿ ಕೊಯಿಪಾಡಿ ಬಲೆ ಹೆಣೆಯುತ್ತಿತ್ತು,
ಕೊಯಿಪಾಡಿಗೆ ಮದುವೆಯಾಯಿತು,
ಟೈಫಾಯಿಡ್ ಬಂತು, ಕೊಯಿಪಾಡಿ ಸಾಲ ಮಾಡಿ ತೀರಿಸಿತು,
ಮೂವತ್ತೆಂಟು ವರ್ಷ ಬಾಳಿ ಒಂದು ಶನಿವಾರ ತೀರಿಕೊಂಡಿತು.

ಸಾವಿನ ಪತ್ರ ಒಯ್ದು ಮೇಜಿನ ಮೇಲಿಟ್ಟೆ.
ರಿಜಿಸ್ಟ್ರಾರರು ಕನ್ನಡಕ ಏರಿಸಿದರು:
ಈ ಕೊಯಿಪಾಡಿ ಎಂಬವರು ಯಾರು?
ಊರು ಸರ್.
ಊರು ಸತ್ತಿದೆಯೇ?

ಈ ಮಳೆಗಾಲ ಕಡಲು ಎರಡು ತೆಂಗು ಒಯ್ದಿತು.
ಈಗ ಹೆಚ್ಚೆಂದರೆ ಒಂಬತ್ತು ಸೆಂಟ್ಸು. ಅಳೆಯಲು ಯಾರೂ ಬಂದಿಲ್ಲ.
ಮಾಡಿನ ಸಂದಿಯಲ್ಲಿ ಅಮ್ಮ ಇಟ್ಟ ಎಲೆ ಇನ್ನೂ ಹಸಿರಾಗಿಯೇ ಇದೆ.
ಇಳಿಸುವುದೋ ಬೇಡವೋ ಎಂದು ಅವರು ನನ್ನನ್ನು ಕೇಳುತ್ತಿಲ್ಲ,
ನಾನೂ ಹೇಳುತ್ತಿಲ್ಲ.

ಇವೋನೆಯ ಕಾಗದದ ಕೊನೆಗೆ ಒಂದು ಪ್ರಶ್ನೆ ಇತ್ತು.
ಅಪ್ಪ ಕೊನೆಯ ವಾರ ಜನೇಲದ ಕಡೆಗೆ ಮುಖ ಮಾಡಿ
ಒಂದೇ ಮಾತು ಹೇಳುತ್ತಿದ್ದರು, ಬರ್ಪೆ, ಬರ್ಪೆ.
ಅರ್ಥ ಏನು?

ನಮ್ಮ ತುಳುವಿನಲ್ಲಿ, ತಂಗೀ, ಬರುತ್ತೇನೆ ಎಂದು ಅದರ ಅರ್ಥ.
ಹೊರಡುವವರು ಹೊಸ್ತಿಲಲ್ಲಿ ನಿಂತು
ಹೇಳುವುದೂ ಅದನ್ನೇ.
ಇಲ್ಲಿಯವರೆಗೆ ಬರೆದು
ಪೆನ್ನಿನ ಮುಚ್ಚಳ ಹಾಕಿ ಇಟ್ಟಿದ್ದೇನೆ.